ಗದ್ದುಗೆಯಿಂದಿಳಿದ ಉಪಾಧ್ಯಾಯ

ಪೂರ್ವ ಆಫ್ರಿಕದ ಟಾಂಗನೀಕ ದೇಶವು ೧೯೬೧ನೆಯ ಡಿಸೆಂಬರ್ ೯ರಂದು ಬ್ರಿಟಿಷರ ಆಳಿಕೆಯಿಂದ ಬಿಡುಗಡೆ ಹೊಂದಿತು. ಸ್ವತಂತ್ರ ದೇಶದ ಮೊದಲ ಪ್ರಧಾನಮಂತ್ರಿ ಜೂಲಿಯಸ್ ನ್ಯೆರೆರೆ. ಆರು ವಾರಗಳು ಕಳೆದಿದ್ದುವಷ್ಟೆ; ಆ ಪದವಿಯನ್ನು ಸಹೋದ್ಯೋಗಿ ರಶೀದಿ ಕವಾವಾರಿಗೆ ಒಪ್ಪಿಸಿ, ಪಕ್ಷವನ್ನು ಜನರ ನಡುವೆ ಬಲಪಡಿಸಲು ಅವರು ಹೊರಟುನಿಂತರು. ಗದ್ದುಗೆಗಾಗಿ ಬಡಿದಾಡಿದವರನ್ನೇ ಕಂಡಿದ್ದ ಲೋಕಕ್ಕೆ ಇದು ಸೋಜಿಗದ ಸಂಗತಿ.

ನ್ಯೆರೆರೆ ೧೯೨೨ರಲ್ಲಿ ಬುಟಿಯಾಮ ಎಂಬ ಹಳ್ಳಿಯಲ್ಲಿ, ಝನಾಕಿ ಬುಡಕಟ್ಟಿನ ನಾಯಕನ ಮಗನಾಗಿ ಜನಿಸಿದವರು. ಮಕೆರೆರೆ, ಎಡಿನ್‌ಬರೋಗಳಲ್ಲಿ ವ್ಯಾಸಂಗ ಮಾಡಿ ಉಪಾಧ್ಯಾಯರಾದರು. ೧೯೫೪ರಲ್ಲಿ ‘ಟಾನು’ ಪಕ್ಷ ಸ್ಥಾಪನೆಯಾದ ಬಳಿಕ, ಪಾಠವೋ ರಾಜಕೀಯವೋ ಎಂಬ ಪ್ರಶ್ನೆ ಎದುರಾದಾಗ ಶಾಲೆಯನ್ನು ತೊರೆದರು. ಆದರೂ ‘ಮ್ವಾಲಿಮು’, ಎಂದರೆ ಗುರು, ಎಂಬ ಹೆಸರು ಕಡೆಯವರೆಗೂ ಉಳಿಯಿತು. ನೂರಕ್ಕೂ ಮಿಕ್ಕ ಬುಡಕಟ್ಟುಗಳ ನಾಡನ್ನು ಅವರು ಸ್ವಾಹಿಲಿ ಭಾಷೆಯ ಸೂತ್ರದಿಂದ ಪೋಣಿಸಿದರು. ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕವನ್ನು ತಾವೇ ಆ ಭಾಷೆಗೆ ತಂದರು.

೧೯೬೨ರ ಡಿಸೆಂಬರಿನಲ್ಲಿ ದೇಶವು ಗಣರಾಜ್ಯವಾದಾಗ ನ್ಯೆರೆರೆ ಅಧ್ಯಕ್ಷರಾಗಿ ಮರಳಿದರು. ೧೯೬೪ರಲ್ಲಿ ಜಾಂಜಿಬಾರ್ ಕೂಡಿಕೊಂಡು ಟಾಂಜಾನಿಯ ಉದಯಿಸಿತು. ೧೯೬೭ರ ಅರೂಷಾ ಘೋಷಣೆಯು ಸಮಾಜವಾದವನ್ನು ಸಾರಿತು. ಪಕ್ಷದ ಮುಖಂಡರು ಕಂಪನಿಗಳಲ್ಲಿ ಷೇರು ಹೊಂದಕೂಡದು, ಎರಡು ಸಂಬಳ ಪಡೆಯಕೂಡದು, ಮನೆಗಳನ್ನು ಬಾಡಿಗೆಗೆ ಕೊಡಕೂಡದು ಎಂದು ವಿಧಿಸಿತು.

ಆದರೆ ಗುರುವಿನ ಕೈಯಲ್ಲಿ ಬೆತ್ತವೂ ಇದ್ದಿತು. ವಿಚಾರಣೆಯಿಲ್ಲದೆ ಸೆರೆಯಲ್ಲಿಡುವ ಕಾಯಿದೆ ೧೯೬೨ರಲ್ಲಿಯೇ ಬಂದಿತ್ತು. ೧೯೬೫ರಿಂದ ಒಂದೇ ಪಕ್ಷ. ಅಧ್ಯಕ್ಷ ಪದವಿಗೆ ಒಬ್ಬರೇ ಅಭ್ಯರ್ಥಿ. ಬೇಕು ಅಥವಾ ಬೇಡ ಎನ್ನುವುದಷ್ಟೇ ಮತದಾರನ ಪಾಲಿಗೆ ಉಳಿಯಿತು. ‘ಉಜಮಾ’, ಅರ್ಥಾತ್ ಕುಟುಂಬಭಾವದ ಹೆಸರಿನಲ್ಲಿ, ಚದರಿದ ರೈತರನ್ನು ಹೊಸ ಗ್ರಾಮಗಳಲ್ಲಿ ನೆಲೆಗೊಳಿಸುವ ಯೋಜನೆ ಮೊದಲು ಸ್ವಯಿಚ್ಛೆಯದಾಗಿದ್ದು, ೧೯೭೩ರ ಬಳಿಕ ಬಲಾತ್ಕಾರದ್ದಾಯಿತು. ಹಿಂದಿರುಗದಂತೆ ಗುಡಿಸಲುಗಳಿಗೆ ಬೆಂಕಿಯಿಟ್ಟದ್ದೂ ಉಂಟು. ಬರವೂ ಸೇರಿಕೊಂಡು, ೧೯೭೪-೭೫ರಲ್ಲಿ ಪರದೇಶಗಳಿಂದ ಧಾನ್ಯ ತರಿಸಬೇಕಾಯಿತು. ಹಳ್ಳಿಗಳಿಗೆ ಶಾಲೆ, ಔಷಧಾಲಯಗಳು ಬಂದುದು ನಿಜ. ಅಕ್ಷರಸ್ಥರ ಸಂಖ್ಯೆ ಬಹುವಾಗಿ ಏರಿದುದೂ ನಿಜ. ಆದರೆ ಸುಟ್ಟ ಗುಡಿಸಲಿನವನ ಲೆಕ್ಕಕ್ಕೆ ಅದು ಪರಿಹಾರವಾಗದು.

೧೯೮೫ರಲ್ಲಿ ನ್ಯೆರೆರೆ ಎರಡನೆಯ ಬಾರಿಗೆ ತಾವಾಗಿಯೇ ಗದ್ದುಗೆಯಿಂದಿಳಿದು ಬುಟಿಯಾಮಕ್ಕೆ ಮರಳಿದರು. ಪಕ್ಷದ ಅಧ್ಯಕ್ಷತೆಯನ್ನು ಮಾತ್ರ ೧೯೯೦ರವರೆಗೆ ಬಿಡಲಿಲ್ಲ. ಕೊನೆಗೆ, ತಾವೇ ಕಟ್ಟಿದ ಏಕಪಕ್ಷ ಪದ್ಧತಿ ಬದಲಾಗಬೇಕೆಂದು ವಾದಿಸಿದವರಲ್ಲಿ ಅವರೂ ಒಬ್ಬರು. ೧೯೯೨ರಲ್ಲಿ ಅನೇಕ ಪಕ್ಷಗಳಿಗೆ ಅವಕಾಶ ದೊರೆಯಿತು. ಭಾರತ ಸರ್ಕಾರವು ೧೯೯೫ರಲ್ಲಿ ತನ್ನ ಮೊಟ್ಟಮೊದಲ ಗಾಂಧಿ ಶಾಂತಿ ಪ್ರಶಸ್ತಿಯನ್ನು ಅವರಿಗೇ ಅರ್ಪಿಸಿತು. ೧೯೯೯ನೆಯ ಅಕ್ಟೋಬರ್ ೧೪ರಂದು ಅವರು ಲಂಡನ್ನಿನಲ್ಲಿ ತೀರಿಕೊಂಡರು.

ಗದ್ದುಗೆಯನ್ನು ಬಿಡಬಲ್ಲ ನಾಯಕ ದೊರೆತುದು ಆ ನಾಡಿನ ಭಾಗ್ಯ. ಆದರೆ ನಾಯಕನು ತಾನಾಗಿ ಇಳಿಯಲೆಂದು ಪ್ರಜೆಗಳು ಕಾಯುತ್ತ ಕೂಡಬೇಕಾದರೆ ಅದು ಪೂರ್ಣ ಸ್ವಾತಂತ್ರ್ಯವಲ್ಲ. ಮ್ವಾಲಿಮು ಈ ಪಾಠಕ್ಕೆ ಬಂದುದು ತಡವಾಗಿ. ಬಂದರೆಂಬುದೇ ಅವರ ಹಿರಿಮೆ.