ಮೆಣಸು ಬೇಕಾದವರು ತಾವೇ ತಿರುವಿಕೊಳ್ಳಲಿ

ಹಿಂದಿನ ತಿಂಗಳು ಮಿತ್ರರೊಬ್ಬರ ಮನೆಯಲ್ಲಿ ಊಟ. ಹೊರಗೆ ಜಡಿಮಳೆ, ಒಳಗೆ ಬಿಸಿ ಅನ್ನ, ಮೆಣಸಿನ ಸಾರು, ಸುಟ್ಟ ಹಪ್ಪಳ. ಮಿತ್ರರು ರಸಿಕರು. ಪ್ಯಾಕೆಟ್ಟಿನಲ್ಲಿ ಬರುವ ಮೆಣಸಿನ ಪುಡಿ ಬರಿಯ ಬೂದಿಯೆಂದೂ, ತಿಂಗಳಿಗಾಗುವಷ್ಟನ್ನು ಮಿಕ್ಸಿಗೆ ಹಾಕಿ ಡಬ್ಬಿ ತುಂಬುವವರು ಅಡಿಗೆಮನೆಗೆ ದ್ರೋಹ ಬಗೆಯುವವರೆಂದೂ, ಆಗಿಂದಾಗ ಕುಟ್ಟಿದ ಕಾಳುಮೆಣಸಿನ ಮುಂದೆ ಮಿಕ್ಕುದೆಲ್ಲ ಸಪ್ಪೆಯೆಂದೂ ಅರ್ಧ ಗಂಟೆ ಪ್ರತಿಪಾದಿಸಿದರು. ಅವರ ಮಾತಿಗೆ ಹಿಮ್ಮೇಳವಾಗಿ ಒಳಗಿನಿಂದ ಕುಟ್ಟಾಣಿಯ ಸದ್ದು ಕೇಳಿಬರುತ್ತಿತ್ತು. ಕುಟ್ಟುತ್ತಿದ್ದವರು ಅವರ ಶ್ರೀಮತಿಯವರು. ಬಲ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದರು. “ಇನ್ನೊಂದಿಷ್ಟು ಮೆಣಸು ಬೇಕಿತ್ತಲ್ಲ” ಎಂದು ಮಿತ್ರರು ಎರಡನೆಯ ಸಲ ಕೂಗಿದಾಗ ಆಕೆ ಬಡಿಸುವುದನ್ನು ಬಿಟ್ಟು ಮತ್ತೆ ಒಳಗೆ ಹೋದರು. ನಾನೂ ಸುಮ್ಮನೆ ಕುಳಿತು ಉಂಡು ಬಂದೆ. ಸಾರು ಬಹಳ ರುಚಿಯಾಗಿತ್ತೆಂಬುದು ನನ್ನ ಸಿಟ್ಟನ್ನು ಹೆಚ್ಚಿಸಿದೆಯೇ ಹೊರತು ಕಡಮೆ ಮಾಡಿಲ್ಲ.

ಮಿತ್ರರು ಹೇಳಿದ್ದು ಸುಳ್ಳಲ್ಲ. ಮೆಣಸಿನಲ್ಲಿ ಖಾರ ಬೇರೆ, ಪರಿಮಳ ಬೇರೆ. ಖಾರ ಪೈಪರೀನ್ ಎಂಬ ವಸ್ತುವಿನದು. ಅದು ಸುಲಭವಾಗಿ ಹಾರಿಹೋಗುವಂಥದಲ್ಲ. ಪರಿಮಳವಾದರೋ ಕಾಳಿನೊಳಗಿನ ತೈಲದ್ದು. ಸಿಪ್ಪೆ ಒಡೆದು ಗಾಳಿ ಸೋಕಿತೆಂದರೆ ಅದು ಹೊರಟೇಬಿಡುತ್ತದೆ. ಹಳೆಯ ಪುಡಿ ನಾಲಗೆಯನ್ನು ಸುಡುತ್ತದೆ, ಮೂಗನ್ನು ಕರೆಯುವುದಿಲ್ಲ. ಇದಲ್ಲದೆ, ಇಡಿಯ ಕಾಳಿನಲ್ಲಿ ಪರಂಗಿ ಬೀಜ ಬೆರೆತಿದ್ದರೆ ಕಣ್ಣಿಟ್ಟು ಹೆಕ್ಕಬಹುದು; ಪುಡಿಯಲ್ಲಿ ಬೆರೆತದ್ದನ್ನು ಹೆಕ್ಕುವವರು ಯಾರು? ಇತ್ತೀಚಿನ ವರ್ಷಗಳಲ್ಲಿ ದೇಶದ ಮೆಣಸಿನಲ್ಲಿ ದೊಡ್ಡ ಪಾಲನ್ನು ಬೆಳೆಯುವುದು ನಮ್ಮ ರಾಜ್ಯ. ಕೊಡಗು, ಚಿಕ್ಕಮಗಳೂರು, ಹಾಸನಗಳ ಕಾಫಿ ತೋಟಗಳಲ್ಲಿ ನೆರಳಿನ ಮರಕ್ಕೆಲ್ಲ ಬಳ್ಳಿ ಹಬ್ಬಿದೆ. ಅಂಥ ನಾಡಿನವರು ವರ್ಷ ಕಳೆದ ಪುಡಿಗೆ ದುಡ್ಡು ಕೊಡುವುದು ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದಂತೆಯೇ ಸರಿ.

ಇಷ್ಟರ ಮಟ್ಟಿಗೆ ನಾನು ಮಿತ್ರರ ಪಕ್ಷ. ಆದರೆ ಕುಟ್ಟುವ ಕೈ ಯಾರದು ಎಂಬ ಪ್ರಶ್ನೆ ಬಂದೊಡನೆ ನಮ್ಮ ರಸಿಕರು ಸಂಪ್ರದಾಯದ ಮೊರೆ ಹೋಗುತ್ತಾರೆ. ಮೇಜಿನ ಮೇಲಿಟ್ಟುಕೊಂಡು ತಿರುವುವ ಪೆಪ್ಪರ್ ಗ್ರೈಂಡರ್ ಒಂದನ್ನು ಏಕೆ ತರಬಾರದೆಂದು ನಾನು ಆಮೇಲೆ ಕೇಳಿದ್ದಕ್ಕೆ, ಅದು ಪರದೇಶದ ಆಟಿಕೆ, ಹೋಟೆಲಿನವರ ಶೋಕಿ ಎಂದರು. ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನೂ ನಡುವೆ ಎಳೆದು ತಂದರು. ರಾಣಿ 16ನೆಯ ಶತಮಾನದಲ್ಲಿ ಮೆಣಸಿನ ವ್ಯಾಪಾರವನ್ನು ಕೈಯಲ್ಲಿಟ್ಟುಕೊಂಡಿದ್ದಳು, ನಿಜ. ಕುಟ್ಟಾಣಿ ಹಿಡಿದು ಕೂತಿದ್ದಳೆಂದು ಮಾತ್ರ ನಾನೆಲ್ಲೂ ಓದಿಲ್ಲ.

ಪರದೇಶದ್ದೆಂಬ ಆಕ್ಷೇಪಣೆಯೂ ನಿಲ್ಲುವುದಿಲ್ಲ. ಫ್ರಾನ್ಸಿನ ಪ್ಯೂಜೋ ಮನೆತನದವರು ಮೊದಲು ಕಾಫಿಬೀಜದ ಗಿರಣಿ ಮಾಡಿ, 1874ರಲ್ಲಿ ಮೆಣಸಿನದನ್ನು ಮಾಡಿದರು. ಮೋಟಾರು ಕಾರು ಆಮೇಲಿನ ಮಾತು. ಆ ಗಿರಣಿಯೊಳಗೆ ತಿರುಗಬೇಕಾದ ಕಾಳಿನ ತೌರು ನಮ್ಮ ಪಶ್ಚಿಮ ಘಟ್ಟ. ಇನ್ನು ಪರದೇಶದ್ದನ್ನೆಲ್ಲ ಹೊರಗೆ ಹಾಕುವುದಾದರೆ ಮೊದಲು ಹೋಗಬೇಕಾದದ್ದು ಮೆಣಸಿನಕಾಯಿ. ಅಮೆರಿಕದಿಂದ ಹಡಗೇರಿ ಬಂದ ಆ ಹೊಸಬನಿಗೆ ನಾವು ಹಳೆಯ ಮೆಣಸಿನ ಹೆಸರನ್ನೇ ಕೊಟ್ಟೆವು. ಹೆಸರು ಕಳೆದುಕೊಂಡ ಮೆಣಸು ‘ಕಾಳು’ ಎಂದೋ ‘ಕರಿ’ ಎಂದೋ, ಕರಾವಳಿಯಲ್ಲಿ ‘ಒಳ್ಳೆ’ ಎಂದೋ ವಿಶೇಷಣ ಹಚ್ಚಿಕೊಂಡು ಬದುಕಬೇಕಾಯಿತು. ಮೆಣಸಿನಕಾಯಿ ಹಾಕಿದ ಹುಳಿಯನ್ನು ಸಂಪ್ರದಾಯವೆಂದು ಸುರಿಯುವವರು ಗಿರಣಿಗೆ ಮಡಿ ಹೇಳಕೂಡದು.

ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ನಾಲ್ಕು ವರ್ಷದ ಕೆಳಗೆ ನನ್ನ ಹೆಂಡತಿ ತನ್ನ ದುಡ್ಡಿನಲ್ಲಿ ಇದನ್ನು ತಂದಾಗ ನಾನೂ ನಕ್ಕವನೇ. ಆಕೆ ಅದನ್ನು ನನ್ನ ತಟ್ಟೆಯ ಪಕ್ಕದಲ್ಲಿಟ್ಟು, “ನಿಮಗೆ ಬೇಕಾದಷ್ಟು ನೀವೇ ತಿರುವಿಕೊಳ್ಳಿ” ಎಂದಳು. ಮನೆಯಲ್ಲಿ ಐವರು. ಒಬ್ಬಳೇ ಕುಟ್ಟಿ ಒಂದೇ ಹದಕ್ಕೆ ಹಾಕುತ್ತಿದ್ದಾಗ ನಮ್ಮ ತಂದೆಯವರಿಗೆ ಸಪ್ಪೆ, ಕಿರಿಯ ಮಗಳಿಗೆ ಕಣ್ಣಲ್ಲಿ ನೀರು. ಎರಡು ದೂರೂ ಒಲೆಯ ಮುಂದಿದ್ದವಳಿಗೇ. ಈಗ ದೂರು ಹೇಳುವವರಿಲ್ಲ. ಸೌತೆಕಾಯಿ ಹೋಳಿಗೆ ತರಿಯಾಗಿ, ಮಜ್ಜಿಗೆಗೆ ನುಣ್ಣಗೆ, ಅವರವರ ಕೈ ಅವರವರ ಬಾಯಿ.

ತರುವಾಗ ಮಾತ್ರ ಕಣ್ಣು ತೆರೆದಿರಬೇಕು. ಅಂಗಡಿಯಲ್ಲಿ ಥಳಥಳಿಸುವ ಗಾಜನ್ನು ನೋಡಿ ಮರುಳಾಗದೆ, ಬುಡವನ್ನು ತಿರುಗಿಸಿ ಹಲ್ಲು ನೋಡಿರಿ. ಮೆಣಸು ತುಂಬಿಯೇ ಮಾರುವ ಸಣ್ಣ ಬಾಟಲಿಗಳಲ್ಲಿ ಅನೇಕಕ್ಕೆ ಪ್ಲಾಸ್ಟಿಕ್ ಹಲ್ಲು. ಅದು ಬೇಗ ಸವೆದು, ಸವೆದದ್ದು ಎಲ್ಲಿ ಹೋಗುತ್ತದೆಂದು ಹೇಳಬೇಕಾಗಿಲ್ಲ. ಗಟ್ಟಿ ಉಕ್ಕಿನದು ಕಾಳನ್ನು ಚೆನ್ನಾಗಿ ಕಚ್ಚಿ ಒಡೆಯುತ್ತದೆ. ಅದರಲ್ಲೇ ಕಲ್ಲುಪ್ಪನ್ನೂ ಅರೆಯುವ ಆಸೆಯಿದ್ದರೆ ಉಕ್ಕು ತುಕ್ಕು ಹಿಡಿದೀತು. ಪಿಂಗಾಣಿಯ ಹಲ್ಲೇ ಬೇಕು. ತಲೆಯ ಮೇಲೋ ಬುಡದಲ್ಲೋ ಒಂದು ತಿರುಪು ಇರಬೇಕು: ಬಿಗಿ ಮಾಡಿದರೆ ನುಣುಪು, ಸಡಿಲಿಸಿದರೆ ತರಿ. ಈ ತಿರುಪಿಲ್ಲದ್ದನ್ನು ಬಿಟ್ಟಿ ಕೊಟ್ಟರೂ ತರಬೇಡಿ. ಮೊಳದುದ್ದದ್ದು ಹೋಟೆಲಿನವನಿಗಿರಲಿ. ಮಣಿಕಟ್ಟು ನೋಯುವವರಿಗೆ ಮೇಲೆ ಹಿಡಿಕೆಯಿದ್ದು ಸುತ್ತಿಸುವಂಥದು ಹಗುರ. ಬೆರಳು ಸೆಟೆದ ಮುದುಕರಿರುವ ಮನೆಗೆ ಬ್ಯಾಟರಿಯದೂ ತಪ್ಪಲ್ಲ. ನಾನಾದರೆ ಜೇಬಿನಲ್ಲಿ ಹತ್ತು ಕಾಳು ಇಟ್ಟುಕೊಂಡು ಹೋಗಿ ಅಂಗಡಿಯಲ್ಲೇ ತಿರುವಿ ನೋಡುತ್ತೇನೆ. ಅಂಗಡಿಯವನು ಮುಖ ಸಿಂಡರಿಸುತ್ತಾನೆ. ಸಿಂಡರಿಸಲಿ.

ಒಂದು ತೊಡಕಿದೆ, ಅದನ್ನು ಮುಚ್ಚಿಡುವುದಿಲ್ಲ. ಈ ಯಂತ್ರವನ್ನು ಕಲ್ಪಿಸಿದವರು ಚಮಚೆಯಲ್ಲಿ ಉಣ್ಣುವ ಜನ. ಇದನ್ನು ತಿರುವಲು ಎರಡು ಕೈ ಬೇಕು. ನಮ್ಮ ಬಲಗೈ ಎಂಜಲು. ಮಿತ್ರರು ಈ ವಾದವನ್ನು ಹೂಡಿದ್ದರೆ ನಾನು ಒಂದು ಕ್ಷಣ ತಬ್ಬಿಬ್ಬಾಗುತ್ತಿದ್ದೆ. ಆದರೆ ಒಂದೇ ಕೈಯಲ್ಲಿ ಹಿಡಿದು ಹಿಚುಕಿದರೆ ಉದುರುವ ಬಗೆಯೂ ಇದೆ; ಎಡಗೈಗೆ ಅದು ಸಾಕು. ಅದು ಸಿಗದಿದ್ದರೆ ಅನ್ನ ಕಲಸುವ ಮೊದಲೇ ತಿರುವಿಕೊಂಡರಾಯಿತು. ಸಾರು ಎರಡನೆಯ ಸಲ ಬಡಿಸಿಕೊಳ್ಳುವವರಿಗೆ ಅಷ್ಟು ಮುಂದಾಲೋಚನೆ ಇರಬೇಡವೆ?

ಕುದಿಯುವ ಪಾತ್ರೆಯ ಮೇಲೆ ಹಿಡಿದು ತಿರುವುವುದು ಎಲ್ಲರೂ ಮಾಡುವ ತಪ್ಪು. ಹಬೆ ಒಳಗೇರಿ ಪುಡಿ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಎರಡೇ ದಿನಕ್ಕೆ ಗಿರಣಿ ಕಚ್ಚಿ ನಿಲ್ಲುತ್ತದೆ. ತಟ್ಟೆಗೆ ತಿರುವಿ ಆಮೇಲೆ ಸಾರಿಗೆ ಹಾಕಬೇಕು. ತುಂಬುವ ಕಾಳು ಚೆನ್ನಾಗಿ ಒಣಗಿದ್ದಿರಲಿ. ಹಲ್ಲಿಗಿಟ್ಟರೆ ಚಟ್ಟೆಂದು ಒಡೆಯಬೇಕೇ ಹೊರತು ಚಪ್ಪಟೆಯಾಗಬಾರದು. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡಿನವರು, ವಾರಕ್ಕಾಗುವಷ್ಟೇ ತುಂಬಿ. ಉಪ್ಪುನೀರಿನಲ್ಲಿಟ್ಟ ಹಸಿರು ಮೆಣಸನ್ನು ಹಾಕಿ ಕೆಡಿಸಿದವರನ್ನು ಬಲ್ಲೆ. ತೊಳೆಯಲೇಬೇಡಿ, ಒಣ ಬ್ರಷ್ಷಿನಿಂದ ಕೊಡವಿದರೆ ಸಾಕು.

ಇದರಿಂದ ಕುಟ್ಟಾಣಿ ಮೂಲೆಗೆ ಹೋಗಬೇಕೆಂದು ನಾನು ಹೇಳುವುದಿಲ್ಲ. ಕುಟ್ಟುವುದು, ಜಜ್ಜುವುದು, ಅರೆಯುವುದು, ಬೀಸುವುದು, ರುಬ್ಬುವುದು ಎಂದು ಕನ್ನಡ ಇಷ್ಟೊಂದು ಕ್ರಿಯಾಪದಗಳನ್ನು ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲ. ಒಂದೊಂದರ ಹದವೂ ಬೇರೆ. ಮೆಣಸಿನ ಸಾರಿಗೆ ಜೀರಿಗೆಯೊಡನೆ ಜಜ್ಜಿದ ಮೆಣಸೇ ಆಗಬೇಕು, ಗಿರಣಿಯ ಪುಡಿಯಲ್ಲಿ ಆ ಗುಣ ಬಾರದು. ಹಂದಿ ಮಾಂಸಕ್ಕೆ ಮೆಣಸನ್ನು ಹುರಿದು ಪುಡಿಮಾಡುವ ಕೊಡಗಿನವರಿಗೆ ಒಂದು ಹಿಡಿ ಬೇಕಾದಲ್ಲಿ ಈ ಯಂತ್ರ ಸಂಜೆಯವರೆಗೆ ತಿರುಗಬೇಕಾದೀತು. ಕುಟ್ಟಾಣಿ ಇರಲಿ. ಅದರ ಹೊಗಳುಭಟರು ಅಡಿಗೆಮನೆಗೆ ನಡೆದು ಅದನ್ನು ಕೈಗೆ ತೆಗೆದುಕೊಳ್ಳಲಿ ಎಂಬಷ್ಟೇ ನನ್ನ ಹಟ.

ಕಳೆದ ಶನಿವಾರ ಸಾರಿಗೆ ಕುಟ್ಟಲು ಕುಳಿತವನು ನಾನು. ಬಾಯಿಗೆ ಅಂಗೈ ಮುಚ್ಚಿಕೊಂಡು ಕುಟ್ಟಬೇಕೆಂಬುದು ತಿಳಿಯದೆ ಅರ್ಧ ಕಾಳು ಹಾರಿ ಗ್ಯಾಸ್ ಸಿಲಿಂಡರಿನ ಹಿಂದೆ ಸೇರಿದವು. ಗುಡಿಸಿದವನೂ ನಾನೇ.