ಕಂದು ಬಣ್ಣದ ಐರಿಸ್: ಹೂವು ನಿಜ, ‘ಬೀಜ ಹಾಕಿದರೆ ಇದೇ ಹೂವು’ ಎಂಬುದು ಸುಳ್ಳು

ಕಾಫಿ ಬಣ್ಣದ ದೊಡ್ಡ ಹೂವಿನ ಚಿತ್ರ ಮೊಬೈಲ್‌ಗೆ ಬಂದರೆ, ‘ಇದು ಎಡಿಟ್ ಮಾಡಿದ್ದು’ ಎಂದು ನಮಗೆ ಅನಿಸುವುದು ಸಹಜ. ಕಂದು ಎಂದರೆ ಬಾಡಿದ ಹೂವು ಎಂಬುದೇ ನಮ್ಮ ರೂಢಿ. ಆದರೆ ಐರಿಸ್ ಹೂವಿನಲ್ಲಿ ಈ ಬಣ್ಣ ನಿಜಕ್ಕೂ ಇದೆ.

ಅಮೆರಿಕದ ಫ್ರೆಡ್ ಡಿಫಾರೆಸ್ಟ್ ಬೆಳೆಸಿದ ‘ಆರ್ಗಸ್ ಫೆಸೆಂಟ್’ ಎಂಬ ಕಂದು ತಳಿ 1948ರಲ್ಲಿ ಮಾರಾಟಕ್ಕೆ ಬಂತು. 1952ರಲ್ಲಿ ಅದಕ್ಕೆ ಐರಿಸ್ ತಳಿಗಳ ಅತ್ಯುನ್ನತ ಗೌರವವಾದ ಡೈಕ್ಸ್ ಪದಕ ಸಿಕ್ಕಿತು. ಇದು ‘ಟಾಲ್ ಬಿಯರ್ಡೆಡ್’ ಗುಂಪಿನದು. ಹೂದಂಟು ಸುಮಾರು 70 ಸೆಂ.ಮೀ.ಗಿಂತ ಎತ್ತರ. ಮೂರು ಎಸಳು ಮೇಲಕ್ಕೆ ನಿಂತರೆ ಮೂರು ಕೆಳಕ್ಕೆ ಇಳಿಬೀಳುತ್ತವೆ. ಕೆಳಗಿನ ಎಸಳುಗಳ ಮೇಲೆ ಗಡ್ಡದಂತೆ ಕಾಣುವ ರೋಮಗಳ ಸಾಲಿರುತ್ತದೆ.

ಕಂದು ಬಣ್ಣ ಬರುವುದು ಹೇಗೆ?

ಎಸಳಿನಲ್ಲಿ ಎರಡು ಬಗೆಯ ವರ್ಣದ್ರವ್ಯಗಳಿವೆ. ಹಳದಿ ಕೊಡುವುದು ಕ್ಯಾರೊಟಿನಾಯ್ಡ್, ನೇರಳೆ ಕೊಡುವುದು ಆಂಥೋಸಯಾನಿನ್. ಒಂದೇ ಎಸಳಿನಲ್ಲಿ ಇವೆರಡೂ ಸೇರಿದಾಗ ನಮ್ಮ ಕಣ್ಣಿಗೆ ಕಂದು ಕಾಣುತ್ತದೆ. ಹಳದಿ ಮತ್ತು ನೇರಳೆ ಪೇಂಟ್ ಬೆರೆಸಿ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಬೀಜ ಕೊಂಡರೆ ಇದೇ ಹೂವು ಬರುತ್ತದೆಯೇ?

ಇಲ್ಲ. ಬಾದಾಮಿ ಮಾವಿನ ಗೊರಟೆ ಊರಿದರೆ ಬಾದಾಮಿ ಮಾವೇ ಸಿಗುತ್ತದೆಂಬ ಖಾತ್ರಿ ಇಲ್ಲ, ಅಲ್ಲವೇ? ಇಲ್ಲೂ ಹಾಗೆಯೇ. ಬೀಜದಿಂದ ಹುಟ್ಟುವ ಪ್ರತಿ ಗಿಡವೂ ಬೇರೆ. ಹಳೆಯ ತಳಿಯನ್ನು ಉಳಿಸಿಕೊಳ್ಳಲು ಶುಂಠಿಯಂತೆ ಅದರ ಗೆಡ್ಡೆಯನ್ನು ಮುರಿದು ನೆಡಬೇಕು. ‘ಆರ್ಗಸ್ ಫೆಸೆಂಟ್’ ಇಂದಿಗೂ ಉಳಿದಿರುವುದು ಹಾಗೆ, ಒಬ್ಬರ ತೋಟದಿಂದ ಇನ್ನೊಬ್ಬರ ತೋಟಕ್ಕೆ ಗೆಡ್ಡೆ ದಾಟಿ.

ನಮ್ಮ ಊರಿನಲ್ಲಿ ಬೆಳೆಯಬಹುದೇ?

ಗಿಡ ಬದುಕಬಹುದು, ಆದರೆ ಚೆನ್ನಾಗಿ ಹೂ ಬಿಡಲು ಇದಕ್ಕೆ ಗಟ್ಟಿ ಚಳಿಗಾಲ ಬೇಕು. ಕರ್ನಾಟಕದ ಬಯಲುಸೀಮೆಯಲ್ಲಿ ಅಂಥ ಚಳಿ ಇಲ್ಲ. ಇನ್ನೊಂದು ಎಚ್ಚರಿಕೆ: ಗೆಡ್ಡೆ ಶುಂಠಿಯಂತೆ ಕಂಡರೂ ತಿನ್ನುವಂಥದ್ದಲ್ಲ. ತಿಂದರೆ ವಾಂತಿ, ಭೇದಿ ಆಗಬಹುದು. ಮಕ್ಕಳು, ಸಾಕುಪ್ರಾಣಿಗಳಿಂದ ದೂರವಿಡಿ.

ಹಾಗಾಗಿ ಹೂವಿನ ಚಿತ್ರವನ್ನು ಧಾರಾಳವಾಗಿ ಹಂಚಿಕೊಳ್ಳಿ. ಅದರ ಜೊತೆಗೆ ‘ಬೀಜ ಬೇಕಾದರೆ ಹಣ ಕಳಿಸಿ’ ಎಂಬ ಸಾಲಿದ್ದರೆ ಮಾತ್ರ ಅಲ್ಲಿಗೇ ನಿಲ್ಲಿಸಿ. ಚಿತ್ರ ನಿಜ ಎಂದ ಮಾತ್ರಕ್ಕೆ ಅದರ ಕೆಳಗಿನ ಬರಹವೂ ನಿಜವಾಗಬೇಕಿಲ್ಲ.