ನಂಜಿನ ಚೀಟಿ ಬರುವ ತನಕ ರೋಗಿ ಕಾಯಬೇಕೆ?

ಬಸ್ ಸ್ಟ್ಯಾಂಡ್ ಎದುರಿನ ಕಿರಾಣಿ ಅಂಗಡಿಯೊಂದು ಕಳೆದ ವಾರ ಐದು ದಿನ ಬಾಗಿಲು ತೆರೆಯಲಿಲ್ಲ. ಆರನೆಯ ದಿನ ತೆರೆದಾಗ ಗಲ್ಲಾದ ಮೇಲೆ ಕುಳಿತಿದ್ದ ಯಜಮಾನರ ಮುಖ ಬಾಡಿ ಹೋಗಿತ್ತು. "ಏನ್ ಸ್ವಾಮಿ, ಊರಲ್ಲಿರಲಿಲ್ವಾ?" ಅಂತ ಕೇಳಿದರೆ ಮಾತಾಡದೆ ಒಂದು ಕಟ್ಟು ಕಾಗದ ತೆಗೆದು ಮುಂದಿಟ್ಟರು.

"ಅಮ್ಮನಿಗೆ ಉರಿಮೂತ್ರ ಅಂತ ಶುರುವಾಯ್ತು. ಚಳಿಜ್ವರ ಬಂತು. ಮೂರನೇ ದಿನ ಏನೇನೋ ಬಡಬಡಿಸೋಕೆ ಶುರು ಮಾಡಿದ್ರು. ಆಸ್ಪತ್ರೇಲಿ ಸೆಪ್ಟಿಕ್ ಆಗಿದೆ ಅಂದ್ರು, ಐಸಿಯುಗೆ ಹಾಕಿದ್ರು. ದಿನಾ ಬೆಳಿಗ್ಗೆ ಅದೇನೋ ಪ್ರೊಕ್ಯಾಲ್ಸಿಟೋನಿನ್ ಅಂತ ರಕ್ತ ತೆಗೀತಾರೆ, ಬಿಲ್ಲಿಗೆ ಸೇರಿಸ್ತಾರೆ. ಯಾಕೆ ಅಂತ ಅವರು ಹೇಳಲಿಲ್ಲ, ಕೇಳೋಕೆ ನಮಗೆ ಧೈರ್ಯ ಬರಲಿಲ್ಲ."

ತಾಯಿ ಈಗ ವಾರ್ಡಿಗೆ ಬಂದಿದ್ದಾರೆ, ಗಂಜಿ ಕುಡಿಯುತ್ತಿದ್ದಾರೆ. ಅಷ್ಟರ ಮಟ್ಟಿಗೆ ದೇವರು ದೊಡ್ಡವನು. ಆದರೆ ಅಂಗಡಿಯವರ ಪ್ರಶ್ನೆ ನ್ಯಾಯವಾದದ್ದು. ಈ ಪರೀಕ್ಷೆ ಬೇಕೇ? ಬೇಡವೇ? ಬೇಕಾದರೆ ಯಾವುದಕ್ಕೆ?

ಮೊದಲು ರೋಗದ ಮಾತು. ನಮ್ಮವರು 'ನಂಜು ಏರಿತು', 'ಸೆಪ್ಟಿಕ್ ಆಯ್ತು' ಅನ್ನುವುದೇ ವೈದ್ಯರ ಸೆಪ್ಸಿಸ್. ಮೂತ್ರದಲ್ಲೋ, ಶ್ವಾಸಕೋಶದಲ್ಲೋ, ಕಾಲಿನ ಹುಣ್ಣಿನಲ್ಲೋ ಸೋಂಕು ಹತ್ತುತ್ತದೆ. ಅದನ್ನು ಎದುರಿಸಲು ಹೊರಟ ದೇಹವೇ ಹದ ತಪ್ಪಿ ತನ್ನ ಕಿಡ್ನಿ, ಶ್ವಾಸಕೋಶ, ಮೆದುಳಿಗೆ ಪೆಟ್ಟು ಕೊಡುತ್ತದೆ. 2016ರಲ್ಲಿ ತಜ್ಞರು ಒಪ್ಪಿದ ವ್ಯಾಖ್ಯೆಯ ಸಾರಾಂಶ ಇಷ್ಟೇ. ಇದು ಅಪರೂಪದ ಕಾಯಿಲೆಯೂ ಅಲ್ಲ. 2017ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 4 ಕೋಟಿ 89 ಲಕ್ಷ ಮಂದಿಗೆ ಸೆಪ್ಸಿಸ್ ಆಯಿತು, 1 ಕೋಟಿ 10 ಲಕ್ಷ ಮಂದಿ ಸತ್ತರು ಎಂಬ ಅಂದಾಜು 2020ರಲ್ಲಿ ಪ್ರಕಟವಾಗಿದೆ. ಅಂದರೆ ಸತ್ತ ಐವರಲ್ಲಿ ಒಬ್ಬರಿಗೆ ನಂಜು ತಗುಲಿತ್ತು.

ಇಷ್ಟು ದೊಡ್ಡ ರೋಗಕ್ಕೆ 'ಹೌದು' ಅಥವಾ 'ಅಲ್ಲ' ಎಂದು ಖಡಾಖಂಡಿತ ಹೇಳುವ ಒಂದೇ ಒಂದು ರಕ್ತ ಪರೀಕ್ಷೆ ಇವತ್ತಿಗೂ ಇಲ್ಲ. ಇದನ್ನು ಓದುಗರು ಗಟ್ಟಿಯಾಗಿ ನೆನಪಿಡಬೇಕು. ಇರುವುದು ಸುಳಿವು ಕೊಡುವ ಪರೀಕ್ಷೆಗಳು.

ಹಳೆಯದು ಸಿಆರ್‌ಪಿ. 1930ರಲ್ಲಿ ಅಮೆರಿಕದ ರಾಕ್‌ಫೆಲರ್ ಸಂಸ್ಥೆಯಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡುಬಂದದ್ದು. ಪಿತ್ತಜನಕಾಂಗ ತಯಾರಿಸುವ ಈ ಪ್ರೋಟೀನು ಉರಿಯೂತ ಎಲ್ಲಿದ್ದರೂ ಏರುತ್ತದೆ. ಕೀಲುವಾತಕ್ಕೂ ಏರುತ್ತದೆ, ಆಪರೇಷನ್ ಆದರೂ ಏರುತ್ತದೆ. ಬೀದಿಯಲ್ಲಿ ಯಾರು ಹೋದರೂ ಬೊಗಳುವ ನಾಯಿ ಇದ್ದ ಹಾಗೆ. ಬೊಗಳಿತು ಅಂದ ಮಾತ್ರಕ್ಕೆ ಬಂದವನು ಕಳ್ಳನೇ ಆಗಬೇಕಿಲ್ಲ.

ಎರಡನೆಯದು ಅಂಗಡಿಯವರ ಬಿಲ್ಲಿನಲ್ಲಿದ್ದ ಪ್ರೊಕ್ಯಾಲ್ಸಿಟೋನಿನ್. ಮಾಮೂಲಿಯಾಗಿ ಇದು ಕತ್ತಿನ ಥೈರಾಯ್ಡ್ ಗ್ರಂಥಿಯ ಸರಕು, ರಕ್ತದಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ಕಡಿಮೆ. ಬ್ಯಾಕ್ಟೀರಿಯಾ ಸೋಂಕು ಮೈಗೆಲ್ಲ ಹಬ್ಬಿದಾಗ ಬೇರೆ ಅಂಗಗಳೂ ಇದನ್ನು ಹೊರಬಿಡುತ್ತವೆ. ಸೋಂಕಿನಲ್ಲಿ ಇದು ಏರುವುದನ್ನು ಪ್ಯಾರಿಸ್ಸಿನ ವೈದ್ಯರು 1993ರಲ್ಲಿ ಬರೆದು ತೋರಿಸಿದರು. ಕೆಲವೇ ಗಂಟೆಗಳಲ್ಲಿ ಏರುತ್ತದೆ, ಸೋಂಕು ತಹಬಂದಿಗೆ ಬಂದರೆ ಸುಮಾರು ದಿನಕ್ಕೆ ಅರ್ಧದಷ್ಟು ಇಳಿಯುತ್ತದೆ. ಸಿಆರ್‌ಪಿಗಿಂತ ಇದು ಜಾಣ, ಒಪ್ಪೋಣ. ದರವೂ ಜಾಣತನಕ್ಕೆ ತಕ್ಕ ಹಾಗೇ ಇದೆ. ಸಿಆರ್‌ಪಿಯದು ನೂರರ ಲೆಕ್ಕ, ಇದರದು ಸಾವಿರದ ಲೆಕ್ಕ.

ಆದರೆ ಜಾಣನೂ ತಪ್ಪುತ್ತಾನೆ. 30 ಅಧ್ಯಯನಗಳ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕವನ್ನು ಒಟ್ಟು ಹಾಕಿ 2013ರಲ್ಲಿ ಪ್ರಕಟಿಸಿದರು. ನಿಜವಾಗಿ ಸೆಪ್ಸಿಸ್ ಇದ್ದ 100 ಮಂದಿಯಲ್ಲಿ ಈ ಪರೀಕ್ಷೆ 77 ಮಂದಿಯನ್ನು ಹಿಡಿಯಿತು, 23 ಮಂದಿಯನ್ನು ಬಿಟ್ಟಿತು. ಸೆಪ್ಸಿಸ್ ಇಲ್ಲದ 100 ಮಂದಿಯಲ್ಲಿ 21 ಮಂದಿಗೆ 'ಇದೆ' ಎಂದು ತಪ್ಪು ಹೇಳಿತು. ದೊಡ್ಡ ಆಪರೇಷನ್, ಸುಟ್ಟ ಗಾಯ, ಭಾರಿ ಅಪಘಾತ, ಕಿಡ್ನಿ ತೊಂದರೆ, ತೀವ್ರ ಮಲೇರಿಯಾ ಇವುಗಳಲ್ಲೂ ಇದು ಏರಬಹುದು. ನಾಲ್ಕೈದು ಸಲಕ್ಕೊಮ್ಮೆ ತಪ್ಪು ತೋರಿಸುವ ತಕ್ಕಡಿಯನ್ನು ನಮ್ಮ ಅಂಗಡಿಯವರು ಇಟ್ಟುಕೊಂಡರೆ ತೂಕ ಮತ್ತು ಅಳತೆ ಇಲಾಖೆಯವರು ಸುಮ್ಮನೆ ಬಿಡುತ್ತಾರೆಯೇ?

ಮೂರನೆಯದು ಲ್ಯಾಕ್ಟೇಟ್. ಇದು ಸೋಂಕನ್ನು ಹೇಳುವುದಿಲ್ಲ. ಅಂಗಗಳಿಗೆ ರಕ್ತ, ಆಮ್ಲಜನಕ ಸಾಲದೆ ದೇಹ ಸಂಕಟದಲ್ಲಿದೆ ಎಂಬುದಕ್ಕೆ ಸಾಮಾನ್ಯವಾಗಿ ಇದು ಗುರುತು. 2 ದಾಟಿದರೆ ಎಚ್ಚರಿಕೆ, 4 ದಾಟಿದರೆ ಗಂಡಾಂತರ. ಐಸಿಯುಗಳಲ್ಲಿರುವ ರಕ್ತದ ಗ್ಯಾಸ್ ಯಂತ್ರದಲ್ಲೇ ಕೆಲವು ನಿಮಿಷಗಳಲ್ಲಿ ಸಿಗುತ್ತದೆ.

ಈಗ ಅಸಲು ವಿಷಯ. ಕೆಲವು ಕಡೆ "ರಿಪೋರ್ಟ್ ಬರಲಿ, ಆಮೇಲೆ ನೋಡೋಣ" ಎಂಬ ಮಾತು ನಾವೇ ಕೇಳಿದ್ದೇವೆ. ಸಣ್ಣ ಊರಿನಲ್ಲಿ ರಕ್ತ ತೆಗೆದು ದೊಡ್ಡ ಊರಿನ ಲ್ಯಾಬಿಗೆ ಕಳಿಸುತ್ತಾರೆ. ಚೀಟಿ ಬರುವುದು ಮಾರನೆಯ ದಿನ. ರೋಗಿಗೆ ಮಾರನೆಯ ದಿನ ಇದೆಯೋ ಇಲ್ಲವೋ ಬಲ್ಲವರು ಯಾರು? 2021ರ ಅಂತರರಾಷ್ಟ್ರೀಯ 'ಸರ್ವೈವಿಂಗ್ ಸೆಪ್ಸಿಸ್' ಮಾರ್ಗಸೂಚಿ ಇದಕ್ಕೆ ಉತ್ತರ ಕೊಟ್ಟಿದೆ. ಆಂಟಿಬಯೋಟಿಕ್ ಯಾವಾಗ ಶುರು ಮಾಡಬೇಕೆಂದು ತೀರ್ಮಾನಿಸಲು ಪ್ರೊಕ್ಯಾಲ್ಸಿಟೋನಿನ್ ಬಳಸುವುದು ಬೇಡ, ರೋಗಿಯನ್ನು ನೋಡಿ ವೈದ್ಯರೇ ನಿರ್ಧರಿಸಲಿ ಎಂಬುದು ಅದರ ಸಲಹೆ. ಬಿಪಿ ಕುಸಿದಿದ್ದರೆ ಅಥವಾ ಸೆಪ್ಸಿಸ್ ಇರುವ ಸಂಭವ ಬಲವಾಗಿದ್ದರೆ ಒಂದು ಗಂಟೆಯೊಳಗೆ ಔಷಧಿ ಬೀಳಬೇಕು. ಬಿಪಿ ಸರಿಯಿದ್ದು ಬರೀ ಅನುಮಾನವಿದ್ದರೆ ಬೇಗ ತಪಾಸಣೆ ಮುಗಿಸಬೇಕು, ಅನುಮಾನ ಹೋಗದಿದ್ದರೆ ಮೂರು ಗಂಟೆಯೊಳಗೆ ಔಷಧಿ ಕೊಡಬೇಕು. ಅದಕ್ಕೆ ಮೊದಲು ಬ್ಲಡ್ ಕಲ್ಚರ್‌ಗೆ ರಕ್ತ ತೆಗೆಯಬೇಕು, ಆದರೆ ಅದಕ್ಕಾಗಿ ಔಷಧಿ ತಡವಾಗಬಾರದು.

ಹಾಗಾದರೆ ದಿನವೂ ಪ್ರೊಕ್ಯಾಲ್ಸಿಟೋನಿನ್ ಮಾಡಿಸುವುದು ಸುಲಿಗೆಯೇ? ಅಲ್ಲ, ಅವಸರ ಬೇಡ. ಇದರ ನಿಜವಾದ ಉಪಯೋಗ ಔಷಧಿ ಶುರು ಮಾಡುವುದಕ್ಕಲ್ಲ, ನಿಲ್ಲಿಸುವುದಕ್ಕೆ. ಬ್ರಿಟನ್ನಿನ 41 ಐಸಿಯುಗಳಲ್ಲಿ 2,760 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2024ರ ಡಿಸೆಂಬರಿನಲ್ಲಿ ಬಂತು. ದಿನವೂ ಪ್ರೊಕ್ಯಾಲ್ಸಿಟೋನಿನ್ ನೋಡಿ ನಡೆದುಕೊಂಡ ಕಡೆ ಆಂಟಿಬಯೋಟಿಕ್ 10.7 ದಿನದಿಂದ 9.8 ದಿನಕ್ಕೆ ಇಳಿಯಿತು. ಸಾವಿನ ಪ್ರಮಾಣದಲ್ಲಿ ಮಾಮೂಲು ಚಿಕಿತ್ಸೆಗಿಂತ ಇದು ಕಡೆಯಾಗಲಿಲ್ಲ. ಸಿಆರ್‌ಪಿ ನೋಡಿ ನಡೆದುಕೊಂಡ ಕಡೆ ಔಷಧಿಯ ದಿನ ಕಡಿಮೆಯಾಗಲಿಲ್ಲ. ಒಂದು ದಿನ ಕಡಿಮೆಯಾದರೆ ಏನು ಮಹಾ ಅನ್ನಬೇಡಿ. ಐಸಿಯು ಇಂಜೆಕ್ಷನ್ನಿನ ಬೆಲೆ ಕೇಳಿದವರಿಗೆ ಗೊತ್ತು. ಅನಗತ್ಯ ಆಂಟಿಬಯೋಟಿಕ್ಕಿನಿಂದ ಔಷಧಿಗೇ ಬಗ್ಗದ ಕ್ರಿಮಿಗಳು ಹುಟ್ಟುವುದು ಬೇರೆ.

ಅಂಗಡಿಯವರ ಕಾಗದದ ಕಟ್ಟನ್ನು ಮತ್ತೆ ಬಿಡಿಸಿದೆವು. ಮೊದಲ ದಿನ 38, ನಂತರ 21, ಆಮೇಲೆ 11, ನಾಲ್ಕನೆಯ ದಿನ 6. ಬೇರೆ ಬೇರೆ ನೋಡಿದರೆ ಬರೀ ಅಂಕಿ, ಸಾಲಾಗಿ ನೋಡಿದರೆ ತಾಯಿ ಗುಣವಾಗುತ್ತಿರುವ ಕಥೆ. ತುದಿಯಿಂದ ಶೇಕಡಾ 80ರಷ್ಟು ಇಳಿದರೆ ಅಥವಾ 0.5ಕ್ಕಿಂತ ಕೆಳಗೆ ಬಂದರೆ ಔಷಧಿ ನಿಲ್ಲಿಸುವ ವಿಚಾರ ಮಾಡಬಹುದು ಎಂಬ ಲೆಕ್ಕ ಹಲವು ಅಧ್ಯಯನಗಳಲ್ಲಿದೆ. ಹಾಗಂತ ಮನೆಯವರೇ ನಿಲ್ಲಿಸುವುದಲ್ಲ, ರೋಗಿಯ ಸ್ಥಿತಿ ನೋಡಿ ವೈದ್ಯರು ಹೇಳಬೇಕು. ಆದರೆ "ಡಾಕ್ಟ್ರೇ, ಇದು ಇಳೀತಿದೆ, ಇಂಜೆಕ್ಷನ್ ಇನ್ನೆಷ್ಟು ದಿನ?" ಎಂದು ಕೇಳಲು ಯಾರಪ್ಪಣೆಯೂ ಬೇಡ. ಆ ಲೆಕ್ಕ ಹಾಕುವುದಾದರೆ ಪರೀಕ್ಷೆಗೆ ಕೊಟ್ಟ ದುಡ್ಡು ಸಾರ್ಥಕ. ಬರೀ ಫೈಲಿಗೆ ಸೇರಿಸುವುದಾದರೆ ದಂಡ.

ನಮ್ಮ ಜಿಲ್ಲೆಗೆ ಬೇಕಾದದ್ದೇನು? ದುಬಾರಿ ಯಂತ್ರದ ಉದ್ಘಾಟನೆಯ ಫೋಟೋ ಅಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಯೂ ತೆರೆದಿರುವ ಲ್ಯಾಬು ಬೇಕು. ಅಲ್ಲಿ ಲ್ಯಾಕ್ಟೇಟ್ ನೋಡುವ ಅನುಕೂಲ, ಕಲ್ಚರ್ ಬಾಟಲಿ ಇರಬೇಕು. ನಂಜಿನ ರೋಗಿಯನ್ನು 108ಕ್ಕೆ ಹತ್ತಿಸಿ ಕಳಿಸುವ ಮುಂಚೆ ಮೊದಲ ಡೋಸ್ ಔಷಧಿ, ಸಲೈನ್ ಕೊಡುವ ಪದ್ಧತಿ ಬರಬೇಕು. ಖಾಸಗಿ ಆಸ್ಪತ್ರೆಗಳು ದರಪಟ್ಟಿ ಹಾಕಬೇಕೆಂದು 2007ರ ರಾಜ್ಯ ಕಾಯ್ದೆಯೇ ಹೇಳುತ್ತದೆ. ಅದು ಕಣ್ಣಿಗೆ ಕಾಣುವ ಕಡೆ ಇದೆಯೇ ಎಂದು ಅಧಿಕಾರಿಗಳು ಒಮ್ಮೆ ಸುತ್ತಾಡಿ ನೋಡಲಿ.

ಮನೆಯವರ ಕೆಲಸವೂ ಇದೆ. ಜ್ವರದ ರೋಗಿ ನಿಮಿಷಕ್ಕೆ 22ಕ್ಕಿಂತ ಹೆಚ್ಚು ಸಲ ಉಸಿರೆಳೆದರೆ, ಗೊಂದಲದ ಮಾತಾಡಿದರೆ, ಮೂತ್ರ ಕಡಿಮೆಯಾದರೆ, ಮೇಲಿನ ಬಿಪಿ 100ಕ್ಕೆ ಇಳಿದರೆ ಮೆಡಿಕಲ್ ಸ್ಟೋರಿನ ಮಾತ್ರೆ ನಂಬಿ ಕೂರಬೇಡಿ. ವಯಸ್ಸಾದವರಲ್ಲಿ ಜ್ವರವೇ ಇಲ್ಲದೆಯೂ ನಂಜು ಏರಬಹುದು. ಆಸ್ಪತ್ರೆಗೆ ಓಡಿ, "ಇದು ಸೆಪ್ಸಿಸ್ ಇರಬಹುದಾ?" ಅಂತ ಬಾಯಿಬಿಟ್ಟು ಕೇಳಿ.

ಆ ತಾಯಿ ಬದುಕಿದ್ದು ಚೀಟಿಯಿಂದಲ್ಲ. ಚೀಟಿ ಕೈಗೆ ಬರುವ ಮುಂಚೆಯೇ ಡ್ಯೂಟಿಯಲ್ಲಿದ್ದ ಹುಡುಗ ಡಾಕ್ಟರೊಬ್ಬ ಇಂಜೆಕ್ಷನ್ ಶುರು ಮಾಡಿದ್ದ. ಅಂಗಡಿಯವರೇ ಕೊನೆಗೆ ಹೇಳಿದ ಮಾತಿದು.